ಮಂಜಿನಭತ್ಯೆ ಮಂಜೂರು ಮಾಡುವ ಕುರಿತು

ಇವರಿಗೆ,
ಚಿಕ್ಕಮಗಳೂರಿನ ಸಮಸ್ತ ಹೋಂಸ್ಟೇ ಮಾಲೀಕರು, ರೆಸಾರ್ಟ್ ಮ್ಯಾನೇಜರುಗಳು ಹಾಗೂ ಎಸ್ಟೇಟ್ ಸಾಹುಕಾರರು

ಇಂದ,
ಒಬ್ಬ ನಿವೃತ್ತ ಗುಮಾಸ್ತ, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ವಿಷಯ: ನನ್ನ ಮಗ ಬೆಟ್ಟ ಹತ್ತಿ ಸಂಬಳ ಹುಡುಕುತ್ತಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಮಗ ಮೆಕ್ಯಾನಿಕಲ್ ಎಂಜಿನಿಯರ್. ದಾವಣಗೆರೆಯಲ್ಲೇ ಓದಿ, ಬೆಂಗಳೂರಿನಲ್ಲಿ ದುಡಿದು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಜ್ಞಾನೋದಯವಾಗಿ, ‘ಅಪ್ಪಾಜಿ, ಇನ್ನು ಬದುಕೋದಾದ್ರೆ ಬೆಟ್ಟದಲ್ಲೇ’ ಎಂದು ಫೋನ್ ಮಾಡಿದ. ದೂರದ ಬೆಟ್ಟದ ಗಾದೆಯನ್ನು ನಾನಿಲ್ಲಿ ಹೇಳುವುದಿಲ್ಲ. ಅವನ ಸೋದರಮಾವ ಅದನ್ನು ಹೇಳಿ ಹೇಳಿ ಸವೆಸಿಬಿಟ್ಟಿದ್ದಾನೆ. ಬೆಟ್ಟದ ಮೇಲೆ ನನಗೆ ತಕರಾರೂ ಇಲ್ಲ. ನಿಮ್ಮ ಜಿಲ್ಲೆಯ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿ ನಾಲೆ ಬಿಟ್ಟದ್ದರಿಂದಲೇ ನಮ್ಮ ಕಡೆ ಇಷ್ಟೊಂದು ಭತ್ತ ಬೆಳೆಯುತ್ತಿರುವುದು. ನೀರು ಇಳಿದು ಬರುತ್ತಿದೆ, ಹುಡುಗರು ಹತ್ತಿ ಹೋಗುತ್ತಿದ್ದಾರೆ. ಇವೆರಡರ ನಡುವೆ ಸಂಬಳ ಎಲ್ಲಿ ಸಿಕ್ಕಿಕೊಂಡಿದೆ ಎಂಬುದಷ್ಟೇ ನನ್ನ ವಿಚಾರಣೆ.

ಒಂದು ಹೋಂಸ್ಟೇಯವರು ಅವನನ್ನು ಸಂದರ್ಶನಕ್ಕೆ ಕರೆದರು. ಹುದ್ದೆ ಮ್ಯಾನೇಜರ್. ಬುಕಿಂಗ್ ನೋಡಿಕೊಳ್ಳಬೇಕು, ಜೀಪು ಓಡಿಸಬೇಕು, ಅಡುಗೆಯಾಕೆ ರಜೆ ಹಾಕಿದರೆ ಅಕ್ಕಿರೊಟ್ಟಿ ತಟ್ಟಬೇಕು, ರಾತ್ರಿ ಕ್ಯಾಂಪ್‌ಫೈರಿಗೆ ಸೌದೆ ಒಟ್ಟಬೇಕು, ಅದರ ಸುತ್ತ ಕೂತವರು ಹಾಡಿದರೆ ತಾಳವನ್ನೂ ಹಾಕಬೇಕು. ಸಂಬಳ ಎಷ್ಟು ಎಂದು ಕೇಳಿದ್ದಕ್ಕೆ ಮಾಲೀಕರು ಎದ್ದುಹೋಗಿ ಕಿಟಕಿ ತೆರೆದರಂತೆ. ಹೊರಗೆ ಕಣಿವೆ, ಮಂಜು, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ‘ಇದನ್ನ ನೋಡೋಕೆ ಜನ ಒಂದು ರಾತ್ರಿಗೆ ಸಾವಿರಗಟ್ಟಲೆ ಕೊಡ್ತಾರೆ, ನಿಮಗೆ ದಿನಾ ಪುಕ್ಕಟೆ’ ಎಂದರಂತೆ. ಮಗ ಆ ಕಿಟಕಿಯ ಫೋಟೊ ತೆಗೆದು ನನಗೆ ಕಳಿಸಿದ. ಅದನ್ನೇ ಆಫರ್ ಲೆಟರ್ ಎಂದು ತಿಳಿದು ಫೈಲು ಮಾಡಿಟ್ಟಿದ್ದೇನೆ.

ನೌಕರಿಯ ಉದ್ದಕ್ಕೂ ವೇತನ ಬಿಲ್ಲು ಬರೆದವನು ನಾನು. ಮೂಲವೇತನ ಗೊತ್ತು, ತುಟ್ಟಿಭತ್ಯೆ ಗೊತ್ತು, ಮನೆ ಬಾಡಿಗೆ ಭತ್ಯೆ ಗೊತ್ತು. ನೋಟವನ್ನೂ ಗಾಳಿಯನ್ನೂ ಸಂಬಳದಲ್ಲಿ ಹಿಡಿಯುವ ತಮ್ಮ ಪದ್ಧತಿ ನನಗೆ ಹೊಸದಾದರೂ ವಿರೋಧವಿಲ್ಲ, ಕ್ರಮಬದ್ಧಗೊಳಿಸಿದರೆ ಸಾಕು. ಮಂಜಿನಭತ್ಯೆ ಎಂದೇ ಒಂದು ಕಾಲಂ ಹಾಕಿ. ಆದರೆ ಅದೇ ಭತ್ಯೆಯನ್ನು ಮನೆ ಮಾಲೀಕರು ಬಾಡಿಗೆಗೂ, ಮೆಸ್ಕಾಂನವರು ಕರೆಂಟ್ ಬಿಲ್ಲಿಗೂ ಸ್ವೀಕರಿಸುವಂತೆ ಒಂದು ಸುತ್ತೋಲೆ ಹೊರಡಿಸಬೇಕು. ಯಾಕೆಂದರೆ ನಿಮ್ಮ ಊರಲ್ಲಿ ಬಾಡಿಗೆ ಮನೆ ಕೇಳಿದರೆ ‘ತಿಂಗಳಿಗೋ, ರಾತ್ರಿಗೋ?’ ಎಂಬ ಪ್ರಶ್ನೆ ಮೊದಲು ಬರುತ್ತದಂತೆ.

ಹೋಂಸ್ಟೇ ಬೇಡ, ತೋಟಕ್ಕೇ ಸೇರು ಎಂದೆ. 2024-25ರಲ್ಲಿ ಕಾಫಿ ಧಾರಣೆ ಹಿಂದೆಂದೂ ಇಲ್ಲದಷ್ಟು ಏರಿತಲ್ಲ, ಒಂದಿಷ್ಟು ಕೆಳಗೂ ಸುರಿದೀತು ಎಂಬ ಆಸೆ. ಕುಯ್ಲಿಗೆಂದು ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಲೈನ್ ಮನೆಗಳಲ್ಲಿ ಇರುವವರನ್ನು ಕೇಳಿದರೆ, ಆ ಏರಿಕೆ ಚೆಕ್‌ರೋಲಿನವರೆಗೆ ನಡೆದು ಬರುವಷ್ಟರಲ್ಲಿ ದಾರಿ ತಪ್ಪಿಸಿಕೊಂಡಂತಿದೆ. ಎಂಜಿನಿಯರಿಂಗ್ ಓದಿದವನಿಗೆ ಅಲ್ಲಿರುವುದು ರೈಟರ್ ಕೆಲಸ: ಆಳು ಲೆಕ್ಕ, ಗೊಬ್ಬರದ ಚೀಲದ ಲೆಕ್ಕ, ಮರಗಸಿಗೆ ಬಂದವರ ಲೆಕ್ಕ. ಪಲ್ಪರ್ ಕೆಟ್ಟಾಗ ಮಾತ್ರ ಅವನ ಡಿಗ್ರಿ ಸಾಹುಕಾರರಿಗೆ ನೆನಪಾಗುತ್ತದೆ. ಅರೇಬಿಕಾ ಹಣ್ಣು ಕುಯ್ದು ಮುಗಿದರೆ ಮತ್ತೆ ಮರೆತುಹೋಗುತ್ತದೆ.

ಬೆಟ್ಟದಲ್ಲಿ ಮರ್ಯಾದೆಯ ಸಂಬಳವೇ ಹುಟ್ಟುವುದಿಲ್ಲ ಎಂಬ ಅಪವಾದ ಹೊರಿಸುವವನಲ್ಲ ನಾನು. ನಿಮ್ಮದೇ ಜಿಲ್ಲೆಯ ಕುದುರೆಮುಖದಲ್ಲಿ ಹುಟ್ಟಿತ್ತು. 1976ರಲ್ಲಿ ಸರ್ಕಾರಿ ಕಂಪನಿ ಬಂತು. ಇರಾನಿನ ಶಾ ದುಡ್ಡು ಹಾಕಿದ. ಅಲ್ಲಿ ಕ್ರಾಂತಿಯಾಗಿ ಅವನ ಸಿಂಹಾಸನ ಹೋದ ಮೇಲೂ ಇಲ್ಲಿ ಗಣಿ ನಡೆಯಿತು. ಕಾಡಿನ ನಡುವೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ತಿಂಗಳು ತಿಂಗಳಿಗೆ ಪಗಾರ. ಶರತ್ತು ಒಂದೇ, ಬೆಟ್ಟವನ್ನು ಅರೆದು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸಬೇಕು. ಗಣಿಯ ಹೂಳು ಭದ್ರೆಗೆ ಇಳಿಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಿಂತದ್ದೇ ಸರಿ, ನಾವು ಕೆಳಗೆ ಅದೇ ಹೊಳೆಯ ನೀರಿನವರು. ಆದರೂ ಈಗ ಖಾಲಿ ಬಿದ್ದ ಆ ಕ್ವಾರ್ಟರ್ಸುಗಳ ವಿಡಿಯೊ ನೋಡಿ ಮಗ ‘ಎಷ್ಟು ಪ್ರಶಾಂತವಾಗಿದೆ!’ ಎಂದಾಗ, ಅಲ್ಲಿಂದ ಪೆಟ್ಟಿಗೆ ಕಟ್ಟಿದವರ ನೆನಪಾಗಿ ನನಗೆ ಪ್ರಶಾಂತ ಅನಿಸಲಿಲ್ಲ.

ಹಾಗಂತ ‘ಇಲ್ಲೇ ಇರು ಮಗನೇ’ ಎನ್ನಲು ನನ್ನ ಬಾಯಿಗೂ ಬಲವಿಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿತು, ಆಮೇಲೆ ತಾನೇ ಬಾಗಿಲು ಹಾಕಿಕೊಂಡಿತು. ಅದು ಇದ್ದಿದ್ದರೆ ಮೆಕ್ಯಾನಿಕಲ್ ಓದಿದವನು ಸೈಕಲ್ಲಿನಲ್ಲಿ ಹೋಗಿಬರಬಹುದಿತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಮಾಡಿದ ಹತ್ತಿ ಗಿರಣಿಗಳ ಕಥೆ ನಿಮಗೂ ಗೊತ್ತು. ಬಿರುದು ಉಳಿದಿದೆ, ಸೈರನ್ ಇಲ್ಲ. ಬೆಣ್ಣೆ ದೋಸೆ ಒಂದೇ ಇಂದಿಗೂ ಪೂರ್ಣಾವಧಿ ಉದ್ಯೋಗ ಕೊಡುತ್ತಿರುವ ಭಾರೀ ಕೈಗಾರಿಕೆ.

ಲ್ಯಾಪ್‌ಟಾಪ್ ಹೊತ್ತು ಬಂದು ಬೆಂಗಳೂರಿನ ಸಂಬಳವನ್ನು ಬೆಟ್ಟದಲ್ಲಿ ತಿನ್ನುವವರು ಇದ್ದಾರೆ, ಬಲ್ಲೆ. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ಟವರೂ ಹೋದ ದಿನ ಅವರು ನಿರುದ್ಯೋಗಿಗಳು. ಖಾಯಂ ಸಂಬಳದವರೆಂದರೆ ಸರ್ಕಾರಿ ನೌಕರರು. ನಾನು ಕಂಡಂತೆ, ಮಲೆನಾಡಿಗೆ ಪೋಸ್ಟಿಂಗ್ ಆದವನು ಹಾಜರಿ ಹಾಕಿದ ಪೆನ್ನಿನಲ್ಲೇ ವರ್ಗಾವಣೆ ಅರ್ಜಿಯನ್ನೂ ಬರೆಯುತ್ತಾನೆ. ಇನ್ನು ತಮ್ಮ ಸ್ವಂತ ಮಕ್ಕಳು ಎಲ್ಲಿದ್ದಾರೆಂದು ಕೇಳುವುದು ಉದ್ಧಟತನವಾದೀತು. ಬೆಂಗಳೂರಿನಲ್ಲಿದ್ದರೆ, ನನ್ನ ಮಗ ಖಾಲಿ ಮಾಡಿದ ಪಿ.ಜಿ. ಕೋಣೆ ಹಾಗೇ ಇದೆ.

ಆದ್ದರಿಂದ ತಾವು ದಯಮಾಡಿ ಮುಂದಿನ ಸಂದರ್ಶನದಲ್ಲಿ ಕಿಟಕಿಯನ್ನು ಮುಚ್ಚಿ, ಒಂದು ಅಂಕಿಯನ್ನು ಬಾಯಿಬಿಟ್ಟು ಹೇಳಬೇಕೆಂದು ಕೋರುತ್ತೇನೆ. ಜಿ.ಎಸ್.ಟಿ. ಸೇರಿಸಿ ಕೋಣೆಯ ಬಾಡಿಗೆ ಹೇಳುವಾಗ ತಮ್ಮ ನಾಲಿಗೆ ಎಲ್ಲೂ ತೊದಲುವುದಿಲ್ಲ ಎಂಬುದನ್ನು ಬಲ್ಲವರಿಂದ ಕೇಳಿದ್ದೇನೆ. ಮಗ ಈ ವಾರ ರೈಲಿನಲ್ಲಿ ಬೀರೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ತಮ್ಮನ್ನು ಕಾಣಲಿದ್ದಾನೆ.

ತಮ್ಮ ವಿಶ್ವಾಸಿ,
ಹುಡುಗನ ತಂದೆ

ಅಡಕಗಳು:
1. ಮಗನ ಎಂಟೂ ಸೆಮಿಸ್ಟರ್‌ಗಳ ಅಂಕಪಟ್ಟಿ.
2. ಆಫರ್ ಲೆಟರ್, ಅಂದರೆ ಕಿಟಕಿಯ ಫೋಟೊ.
3. ಅವನ ಮನೆಯ ಮುಂಗಡ ಕಟ್ಟಲಿರುವ ನನ್ನ ಪಿಂಚಣಿ ಪಾಸ್‌ಬುಕ್ಕಿನ ನಕಲು.