ನಟ್ಟು-ಬೋಲ್ಟುಗಳ ಮತತ್ರಯ ವಿಚಾರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇನ್ನೂ ಓಡಾಡುತ್ತಿವೆ, ದಾರಿಯುದ್ದಕ್ಕೂ ನಟ್ಟು ಉದುರಿಸುತ್ತ. 250 ಸಿಸಿಯ ಟೂ ಸ್ಟ್ರೋಕ್ ಒಂಟಿ ಸಿಲಿಂಡರಿನ ನಡುಕ ಅಂಥದ್ದು. ಉದುರದಂತೆ ತಡೆಯುವ ಉಪಾಯಗಳನ್ನು ಶಾಸ್ತ್ರೋಕ್ತವಾಗಿ ವಿಂಗಡಿಸುವುದೇ ಪ್ರಕೃತ ಗ್ರಂಥದ ಪ್ರಯೋಜನ.

ಚೆಕ್ ನಟ್ಟಿನದು ದ್ವೈತ. ನಟ್ಟಿನ ಮೇಲೊಂದು ನಟ್ಟು ಕೂತು ಒಂದನ್ನೊಂದು ಒತ್ತಿಹಿಡಿಯುತ್ತವೆ, ಭೇದ ನಿತ್ಯ. ಕ್ಲಚ್ ಹಬ್ಬಿನ ಲಾಕ್ ವಾಷರಿನದು ವಿಶಿಷ್ಟಾದ್ವೈತ: ವಾಷರಿನ ಕಿವಿ ಮಡಚಿದೊಡನೆ ನಟ್ಟಿನ ಶರಣಾಗತಿ ಪೂರ್ಣ. ಒಮ್ಮೆ ಮಡಚಿದ ಕಿವಿಯನ್ನೇ ಬಿಡಿಸಿ ಮತ್ತೆ ಮಡಚಿದರೆ ಮುರಿದು ಆಯಿಲಿಗೆ ಬೀಳುತ್ತದೆ, ಪುಡಿಗಾಸಿನ ವಾಷರಿಗೆ ಜಿಪುಣತನ ಬೇಡ. ಲಾಕ್‌ಟೈಟ್ ಅಂಟು ಶುದ್ಧ ಅದ್ವೈತಿ. ಗಾಳಿಯಾಡದ ಥ್ರೆಡ್ಡಿನ ಸಂದಿಯಲ್ಲಿ ಲೋಹಕ್ಕೆ ತಾಗಿ ಗಟ್ಟಿಯಾಗಿ, ನಟ್ಟು ಬೇರೆ ಬೋಲ್ಟು ಬೇರೆ ಎಂಬ ಭ್ರಮೆಯನ್ನೇ ಅಳಿಸುತ್ತದೆ. ನೀಲಿಯದು ಸ್ಪ್ಯಾನರಿಗೆ ಮಣಿದೀತು. ಕೆಂಪಿಗೆ ಬೆಂಕಿ ಕಾಣಿಸದೆ ಬಿಡುಗಡೆಯಿಲ್ಲ. ಜಿಡ್ಡಿರುವ ಥ್ರೆಡ್ಡಿಗೆ ಈ ಜ್ಞಾನ ಹತ್ತುವುದಿಲ್ಲ.

ಸ್ಪ್ರಿಂಗ್ ವಾಷರ್ ದರ್ಶನವಲ್ಲ, ಬರೀ ಆಚಾರ. ಪೂರ್ತಿ ಬಿಗಿದರೆ ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತದೆ. ಅಡ್ಡಡ್ಡ ಅಲುಗಿದರೆ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ. ಅದನ್ನು ತಡೆಯುವುದು ಮುಖ್ಯವಾಗಿ ಬೋಲ್ಟಿನ ಸೆಳೆತ: ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿ, ಮತ್ತೆ ಕುಗ್ಗಲು ಎಳೆಯುತ್ತಿರುತ್ತದೆ.

ಇದನ್ನೇ ಅತಿಯಾಗಿ ನಂಬಿದವರು ಚಾರ್ವಾಕರು. 'ಇನ್ನೊಂಚೂರು ಟೈಟ್ ಮಾಡು ಗುರು' ಎಂಬುದು ಅವರ ಸೂತ್ರ, ರಟ್ಟೆಯ ನೋವೇ ಪ್ರಮಾಣ. ಕ್ರ್ಯಾಂಕ್‌ಕೇಸ್ ಅಲ್ಯುಮಿನಿಯಂ, ಅದರ 6 ಮಿಮೀ ಸ್ಕ್ರೂಗೆ 10 ನ್ಯೂಟನ್ ಮೀಟರ್ ಧಾರಾಳವಾಯಿತು. ಮೀರಿದರೆ ಬಿಗಿ ತಟ್ಟನೆ ಮಾಯವಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಹೊರಗೆಳೆದರೆ ಅದಕ್ಕೆ ಸುತ್ತಿಕೊಂಡು ಬರುವ ಬಿಳಿ ಸುರುಳಿಯೇ ನಿಮ್ಮ ಥ್ರೆಡ್ಡು. ಆಮೇಲೆ ತೂತಿನೊಳಗೆ ಹೊಸ ಥ್ರೆಡ್ಡು ಕೂರಿಸುವ ಹೆಲಿಕಾಯಿಲೇ ಗತಿ.

ಸೈಲೆನ್ಸರ್ ಪೈಪನ್ನು ಸಿಲಿಂಡರಿಗೆ ಕಚ್ಚಿಸುವ ದೊಡ್ಡ ಉಂಗುರ ನಟ್ಟಿನ ಮುಂದೆ ಮೂರೂ ಮತಗಳು ಮೌನ. ಅಲ್ಲಿನ ಕಾವಿಗೆ ಲಾಕ್‌ಟೈಟ್ ಸುಟ್ಟುಹೋಗುತ್ತದೆ, ಎರಡನೇ ನಟ್ಟಿಗೆ ಜಾಗವಿಲ್ಲ. ಅದಕ್ಕೇ ಅದು ಮತ್ತೆ ಮತ್ತೆ ಸಡಿಲವಾಗಿ, ಎಷ್ಟೋ ಗಾಡಿಗಳಲ್ಲಿ ಅದರ ಹಲ್ಲುಗಳು ಉಳಿ-ಸುತ್ತಿಗೆಯ ಏಟಿಗೆ ಹಾರಿಹೋಗಿವೆ. ಹೊಸ ಗ್ಯಾಸ್ಕೆಟ್ ಹಾಕಿ, ಪೈಪು ತೂಗಾಡದಂತೆ ಹಿಂದಿನ ಕ್ಲ್ಯಾಂಪನ್ನೂ ಬಿಗಿಯಿರಿ. ಎಂಜಿನ್ ಬಿಸಿಯಾದ ಮೇಲೆ ಉಂಗುರ ನಟ್ಟನ್ನು ಸಿ-ಸ್ಪ್ಯಾನರಿನಿಂದ ಇನ್ನೊಮ್ಮೆ. ಉಳಿ ಹಿಡಿದು ಬರುವವರ ಕೈಗೆ ಗಾಡಿ ಕೊಡಬೇಡಿ, ಅವರು ಯಾವ ಮತದವರಾದರೂ ಸರಿ.