ಬಾಮೈದನ ಕೊಟೇಶನ್ನು

ಕಂಪ್ಯೂಟರ್ ಜೋಡಿಸ್ಕೋಬೇಕು ಅಂತ ಬಾಯಿ ಬಿಟ್ಟು ನೋಡಿ, ಊರಿಗೂರೇ ಸಲಹೆಗಾರರಾಗಿಬಿಡುತ್ತೆ! ನಮ್ಮ ಬಾಮೈದ ತುಮಕೂರಲ್ಲಿ ಡಿಸೈನ್ ಅಂಗಡಿ ಇಟ್ಟಿದ್ದಾನೆ. ಲಗ್ನಪತ್ರಿಕೆ, ಬ್ರೋಷರ್ರು, ಮುಖ್ಯವಾಗಿ ಫ್ಲೆಕ್ಸು. ಹೈಕೋರ್ಟು ಗದರಿದ ಮೇಲೆ 2018ರಲ್ಲಿ ಬೆಂಗಳೂರಿನ ಫ್ಲೆಕ್ಸುಗಳೇನೋ ಕೆಳಗಿಳಿದವು. ಮುಖಂಡರ ಹುಟ್ಟುಹಬ್ಬಗಳು ನಿಲ್ಲಬೇಕಲ್ಲ! ಇವನ ಸಲಹೆಗಾರನೋ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ, ರಾತ್ರಿಯೆಲ್ಲ ಹೆಡ್‌ಫೋನ್ ಹಾಕ್ಕೊಂಡು ಪರದೆ ಮೇಲೆ ಬಂದೂಕು ಹಾರಿಸೋನು. ಅವನು ಬರೆಸಿದ ಕೊಟೇಶನ್ನಿನಲ್ಲಿ ಅರ್ಧಕ್ಕೂ ಹೆಚ್ಚು ದುಡ್ಡು ಗ್ರಾಫಿಕ್ ಕಾರ್ಡಿಗೇ.

"ಮಾಡೋದೇ ಗ್ರಾಫಿಕ್ಸ್ ಕೆಲಸ ಅಲ್ವಾ ಭಾವ?" ಅಂದ.

ಅಲ್ಲಯ್ಯಾ, ನೀನೇನು ಬ್ಲೆಂಡರಿನಲ್ಲಿ ತ್ರೀಡಿ ಸಿನಿಮಾ ತೆಗೀತೀಯಾ? ಅದಕ್ಕಾದರೆ ದೊಡ್ಡ ಕಾರ್ಡು ಬೇಕೇ ಬೇಕು, ವಿಡಿಯೋ ಎಡಿಟಿಂಗಿಗೂ ಬೇಕು. ಫೋಟೋಶಾಪಿನ ಕೆಲವು ಫಿಲ್ಟರುಗಳಿಗೆ, ಜೂಮಿಗೆ ಕಾರ್ಡು ಕೈ ಜೋಡಿಸುತ್ತೆ, ಅದಕ್ಕೆ ಮಧ್ಯಮ ದರ್ಜೆಯದು ಧಾರಾಳ ಸಾಕು. ಹಾಗಂತ ಕಾರ್ಡೇ ಬೇಡ ಅಂದು, ಅಗ್ಗಕ್ಕೆ ಸಿಕ್ಕಿತೂಂತ ಹೆಸರಿನ ಕೊನೆಗೆ 'ಎಫ್' ಇರೋ ಇಂಟೆಲ್ ಪ್ರೊಸೆಸರ್ ತಂದೀಯ, ಜೋಕೆ. ಅದರೊಳಗೆ ಚಿತ್ರ ತೋರಿಸೋ ಭಾಗವೇ ಕೆಲಸ ಮಾಡಲ್ಲ. ಆಮೇಲೆ ಕಪ್ಪು ಪರದೆಗೆ ಮಂಗಳಾರತಿ ಎತ್ತುತ್ತ ಕೂರಬೇಕು.

ದುಡ್ಡು ಹಾಕೋದಾದರೆ ರ್‍ಯಾಮಿಗೆ ಹಾಕು. ಲೆಕ್ಕ ನೋಡು: 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸು. ಬರೀ 72 ಡಿಪಿಐನಲ್ಲಿ ಮಾಡಿದರೂ ಹತ್ತಿರಹತ್ತಿರ 15 ಕೋಟಿ ಪಿಕ್ಸೆಲ್. ಸಿಎಂವೈಕೆಯಲ್ಲಿ ಪಿಕ್ಸೆಲ್ಲಿಗೆ 4 ಬೈಟಿನಂತೆ, ಪೂರ್ತಿ ಹರಡಿದ ಒಂದೊಂದು ಲೇಯರಿಗೂ ಸುಮಾರು 600 ಎಂಬಿ! ಹಿನ್ನೆಲೆಗೊಂದು, ಸೂರ್ಯಕಿರಣಕ್ಕೊಂದು, ಹೂಮಳೆಗೊಂದು. ಮೇಲಿನ ಸಾಲಲ್ಲಿ ದುಂಡುದುಂಡಗೆ ಹೈಕಮಾಂಡು, ಕೆಳಗೆ ಶುಭಕೋರುವ ಗೆಳೆಯರ ಬಳಗ, ಒಬ್ಬರ ತಲೆ ಇನ್ನೊಬ್ಬರದಕ್ಕಿಂತ ಚಿಕ್ಕದಾದರೆ ಪಂಚಾಯ್ತಿಯೇ ಸೇರುತ್ತೆ. 16 ಜಿಬಿ ಎಲ್ಲಿ ಸಾಕಾಗುತ್ತೆ ಹೇಳು? 32 ಜಿಬಿ ಹಾಕು, ಅದೂ ಹದಿನಾರರ ಎರಡು ಪಟ್ಟಿ. ಜೋಡಿಯಾಗಿದ್ದರೆ ಡ್ಯುಯಲ್ ಚಾನೆಲ್ಲಲ್ಲಿ ಬೇಗ ಓಡುತ್ತೆ. ರ್‍ಯಾಮ್ ತುಂಬಿದ ಮೇಲೆ ಫೋಟೋಶಾಪ್ ಡಿಸ್ಕಿನಲ್ಲಿ ಜಾಗ ಹುಡುಕುತ್ತೆ, ಅಲ್ಲಿ ಹಳೇ ಹಾರ್ಡ್‌ಡಿಸ್ಕ್ ಕೂತಿದ್ದರೆ ನೀನು ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರಬಹುದು. ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಯಾರಾದರೂ ಫ್ಲೆಕ್ಸನ್ನ 300 ಡಿಪಿಐನಲ್ಲೇ ಮಾಡಿಕೊಡಿ ಅಂದರೆ ಕೈ ಮುಗಿದುಬಿಡು. ಲೇಯರೊಂದಕ್ಕೆ 10 ಜಿಬಿ ದಾಟುತ್ತೆ, ಪಿಎಸ್‌ಡಿ ಫೈಲು 30,000 ಪಿಕ್ಸೆಲ್ ಅಗಲಕ್ಕೇ ಕೈ ಎತ್ತುತ್ತೆ.

ಇನ್ನು ಕಂಪ್ಯೂಟರ್ ಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡು. "ಗೇಮಿಂಗಾ ಸಾರ್, ಎಡಿಟಿಂಗಾ?" ಅಂತ ಕೇಳಿ, ನೀನು ಏನೇ ಹೇಳಿದರೂ ಅವರಲ್ಲಿರೋದನ್ನೇ ಬರೆಯುತ್ತಾರೆ. ಬೋರ್ಡಿನ ಸಾಕೆಟ್ಟು ನೋಡ್ಕೋ: ಎಎಂ4 ಪ್ರೊಸೆಸರು ಎಎಂ5 ಬೋರ್ಡಿಗೆ ಕೂರಲ್ಲ, ಡಿಡಿಆರ್4 ರ್‍ಯಾಮು ಡಿಡಿಆರ್5ರ ಸ್ಲಾಟಿಗೆ ಹೋಗಲ್ಲ, ಗುದ್ದಿದರೂ ಹೋಗಲ್ಲ. ಆಮೇಲೆ ಆ ಕ್ಯಾಬಿನೆಟ್ಟು! ಗಾಜಿನ ಬಾಗಿಲು, ಫ್ಯಾನು ಫ್ಯಾನಿಗೂ ಬಣ್ಣದ ದೀಪ; ಪಕ್ಕದ ತಿಗಳರಪೇಟೆಯ ಕರಗದ ರಾತ್ರಿಯನ್ನೇ ಡಬ್ಬಿಯೊಳಗೆ ತುಂಬಿಟ್ಟಂಗೆ. ಬಣ್ಣ ತಿದ್ದೋ ಮೇಜಿನ ಪಕ್ಕ ನೇರಳೆ ಬೆಳಕು ಮಿನುಗುತ್ತಿದ್ದರೆ ಕಣ್ಣು ಯಾವ ಬಣ್ಣವನ್ನ ನಂಬಬೇಕು?

ದೀಪಕ್ಕೆ ದುಡ್ಡು ಸುರಿದವನು ಎಸ್‌ಎಂಪಿಎಸ್ ಬಂದಾಗ ಮಾತ್ರ "ಲೋಕಲ್ ಸಾಕು ಭಾವ" ಅಂತಾನೆ! ಅದು ಸಾಯುವಾಗ ಒಂದೇ ಸಾಯೋದಿಲ್ಲ ಮಾರಾಯ, ಬೋರ್ಡನ್ನೂ ಸಹಗಮನಕ್ಕೆ ಕರಕೊಂಡು ಹೋಗಬಹುದು. ಯುಪಿಎಸ್ ಬಗ್ಗೆ ನಾನೇನೂ ಹೇಳಲ್ಲ, ನಿಮ್ಮೂರ ಕರೆಂಟೇ ಹೇಳುತ್ತೆ.

ಮಾನಿಟರ್? ಅದು ಪಟ್ಟಿಯಲ್ಲೇ ಇರಲಿಲ್ಲ. "ಹಳೇದೇ ಚೆನ್ನಾಗಿದೆ" ಅಂತೆ. ಪಕ್ಕಕ್ಕೆ ಬಾಗಿ ನೋಡಿದರೆ ಕುಂಕುಮ ಕಿತ್ತಳೆಯಾಗೋ ಮಾನಿಟರ್ ಅದು! ಐಪಿಎಸ್ ಪರದೆ ತಗೋ, ಎಸ್‌ಆರ್‌ಜಿಬಿ ಬಣ್ಣಗಳನ್ನ ಪೂರ್ತಿ ತೋರಿಸೋದು ನೋಡ್ಕೋ, ಕ್ಯಾಲಿಬ್ರೇಟ್ ಮಾಡಿಸು. ಆದರೂ ಪರದೆಯ ಗಿಳಿಹಸಿರು ಸೀರೆ ಸಿಎಂವೈಕೆ ಶಾಯಿಯಲ್ಲಿ ಹಾಗೇ ಬರಲ್ಲ, ಪರದೆ ಬೆಳಕು ಬೆರೆಸೋದು, ಶಾಯಿ ಬೆಳಕು ನುಂಗೋದು. ಇದನ್ನೆಲ್ಲ ಒಪ್ಪಿ, ಒಳ್ಳೇ ಮಾನಿಟರೇ ತಂದು, ಬಣ್ಣ ಹದ ಮಾಡಿ, ಗಿರಾಕಿಗೆ ವಾಟ್ಸಾಪಲ್ಲಿ ಪ್ರೂಫ್ ಕಳಿಸಿದ. ಆ ಪುಣ್ಯಾತ್ಮ ರಾತ್ರಿ ಹಾಸಿಗೆಯಲ್ಲಿ ಮಲಗಿ, ಕಣ್ಣಿಗೆ ಹಿತವಾಗಲಿ ಅಂತ ನೈಟ್ ಮೋಡ್ ಹಾಕ್ಕೊಂಡ ಮೊಬೈಲಲ್ಲಿ ನೋಡಿ ಉತ್ತರ ಬರೆದ:

"ಸೂಪರ್ ಬ್ರದರ್. ಸ್ವಲ್ಪ ಹಳದಿ ಜಾಸ್ತಿ ಆಯ್ತು, ಕಮ್ಮಿ ಮಾಡಿ."