ಕಾಂಗ್ರೆಸ್ ಕಸಕ್ಕೊಂದು ಬಹಿರಂಗ ಪತ್ರ

ಕಾಂಗ್ರೆಸ್ ಕಸವೇ,

ನಿನ್ನನ್ನು ಕಿತ್ತು ಹಾಕುವವರಲ್ಲಿ ನಾನೂ ಒಬ್ಬ. ಆದರೂ ಈ ಪತ್ರ ನಿನಗೇ ಬರೆಯುತ್ತಿದ್ದೇನೆ. ನಮ್ಮ ನೆಲದಲ್ಲಿ ಆಗುತ್ತಿರುವ ಬದಲಾವಣೆಯನ್ನು ನಮಗಿಂತ ಮೊದಲು ಗುರುತು ಹಿಡಿದದ್ದು ನೀನು. ವಿಜಯಪುರದ ಕೋಟೆ ಗೋಡೆಯ ಬುಡ, ತಿಕೋಟಾದ ದ್ರಾಕ್ಷಿ ತೋಟದ ಬದು, ಬಬಲೇಶ್ವರದ ಎರಿ ಹೊಲ, ಇವು ಮೂರೂ ಬೇರೆ ಬೇರೆ ಲೋಕ. ಮೂರರಲ್ಲೂ ನೀನು ಸಂಸಾರ ಹೂಡಿದ್ದೀಯ.

ನಿನ್ನ ತವರು ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ಅಮೆರಿಕ. 1950ರ ದಶಕದ ನಡುವಿಗೆ ಪುಣೆಯಲ್ಲಿ ನೀನು ಜನರ ಕಣ್ಣಿಗೆ ಬಿದ್ದೆ. ಅಮೆರಿಕದ ಪಿಎಲ್-480 ನೆರವಿನ ಗೋಧಿಯ ಜೊತೆ ಬಂದೆ ಎಂಬ ಮಾತು ಇವತ್ತಿಗೂ ಇದೆ. 1975ರಲ್ಲಿ ಕರ್ನಾಟಕ ಸರ್ಕಾರ ಕೃಷಿ ಪೀಡೆ ಕಾಯ್ದೆಯಡಿ ನಿನ್ನನ್ನು ಪೀಡೆ ಎಂದು ಘೋಷಿಸಿತು. ಕಾಯ್ದೆ ಕಡತದಲ್ಲಿ ಉಳಿಯಿತು, ನೀನು ಹೊಲದಲ್ಲಿ ಉಳಿದೆ. ಅದರ ಬೆಲೆ ತೆತ್ತವರು ಕಸ ತೆಗೆಯುವ ಹೆಂಗಸರು. ನಿನ್ನೊಳಗಿನ ಪಾರ್ಥೆನಿನ್ ಅವರ ಮಣಿಕಟ್ಟು, ಕುತ್ತಿಗೆ, ಕಣ್ಣಿನ ರೆಪ್ಪೆಗಳನ್ನು ಹಿಡಿಯುತ್ತದೆ. ಚರ್ಮ ಕಪ್ಪಾಗಿ, ಒರಟಾಗಿ, ರಾತ್ರಿಯೆಲ್ಲ ತುರಿಕೆ. ನಿನ್ನನ್ನು ಮೇಯ್ದ ಎಮ್ಮೆಯ ಹಾಲು ಕಹಿ. ಇದು ನನಗೆ ಸಿಟ್ಟು ತರಿಸುವ ವಿಷಯ, ಆ ಸಿಟ್ಟನ್ನು ಮುಚ್ಚಿಡುವುದಿಲ್ಲ.

ಆದರೆ ನಿನ್ನನ್ನು ಹತ್ತಿರದಿಂದ ನೋಡಿದವರಿಗೆ ಬೆರಗಾಗದೆ ಇರದು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರಿ ಹೊಲದಲ್ಲಿ ನೀನು ಒಂದು ಗೇಣು ಮಾತ್ರ. ಬುಡದ ಎಲೆಗಳು ನೆಲಕ್ಕೆ ಅಂಟಿಕೊಂಡಂತೆ ಸುತ್ತಲೂ ಹರಡಿರುತ್ತವೆ, ಎರಡೇ ಕವಲು, ನಾಲ್ಕಾರು ಬಿಳಿ ಹೂ. ಒಂದೊಂದು ಹೂದಲೆಯ ಅಂಚಿನಲ್ಲಿ ಐದು ಸಣ್ಣ ಹಲ್ಲುಗಳಿರುತ್ತವೆ, ಐದಕ್ಕೂ ಒಂದೊಂದು ಕಪ್ಪು ಬೀಜ. ಅಷ್ಟರಲ್ಲೇ ನಿನ್ನ ಬದುಕು ಮುಗಿಯುತ್ತದೆ. ಅದೇ ನೀನು ಕಾಲುವೆಯ ಬದಿಗೆ ಬಂದರೆ ಎದೆಯೆತ್ತರ ಬೆಳೆದು, ಒಂದೇ ಗಿಡದಿಂದ 15,000ದಿಂದ 25,000 ಬೀಜ ಚೆಲ್ಲುತ್ತೀಯ.

ಹೊಸ ನೆಲಕ್ಕೆ ನೀನು ಇಷ್ಟು ಬೇಗ ಹೊಂದಿಕೊಂಡದ್ದು ಹೇಗೆ? ವಂಶವಾಹಿ ಬದಲಾಗಿ ಹೊಸ ತಳಿ ನೆಲೆಯೂರಲು ತಲೆಮಾರುಗಳೇ ಬೇಕು ಎಂದು ನಾವು ಓದಿದ್ದೆವು. ಜೀವಿಗಳ ಒಳಗೆ ಇನ್ನೊಂದು ದಾರಿಯೂ ಇದೆ. ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುವ ಹಗೇವು ನೆನೆಸಿಕೊ. ಎಲ್ಲ ಹಗೇವಿನಲ್ಲೂ ಜೋಳ ಇದೆ, ಯಾವುದರ ಬಾಯಿ ತೆಗೆಯಬೇಕು, ಯಾವುದನ್ನು ಮಣ್ಣು ಮೆತ್ತಿ ಮುಚ್ಚಿಡಬೇಕು ಎಂಬುದು ಆ ವರ್ಷದ ಮಳೆಗೆ ಬಿಟ್ಟದ್ದು. ಜೀನ್‌ಗಳದ್ದೂ ಹಾಗೆಯೇ. ಡಿಎನ್‌ಎಯ ಮೇಲೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು ಅಂಟಿದರೆ ಆ ಜಾಗದ ಜೀನ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ, ಕಳಚಿದರೆ ಮತ್ತೆ ಮಾತಾಡುತ್ತದೆ. ಬರಹ ಅದೇ, ಓದಿಸಿಕೊಳ್ಳುವ ಭಾಗ ಬೇರೆ. ಇದನ್ನು ಈಗ ಎಪಿಜೆನೆಟಿಕ್ಸ್ ಎನ್ನುತ್ತಾರೆ; ಆ ಪದವನ್ನು 1942ರಲ್ಲಿ ಬಳಕೆಗೆ ತಂದದ್ದು ಜೀವವಿಜ್ಞಾನಿ ವಾಡಿಂಗ್‌ಟನ್.

ಇದಕ್ಕೆ ಒಳ್ಳೆಯ ಸಾಕ್ಷಿ ಜಪಾನಿ ನಾಟ್‌ವೀಡ್. ಏಷ್ಯಾದಿಂದ ಯುರೋಪಿಗೂ ಅಮೆರಿಕಕ್ಕೂ ಹೋದ ಈ ಗಿಡ ಹೆಚ್ಚಾಗಿ ಬೇರಿನ ತುಂಡಿನಿಂದಲೇ ಹರಡುತ್ತದೆ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಕ್ರಿಸ್ಟಿನಾ ರಿಚರ್ಡ್ಸ್ ಮತ್ತವರ ಸಂಗಡಿಗರು ಉಪ್ಪು ಜೌಗು, ಕಡಲ ದಂಡೆ, ರಸ್ತೆ ಬದಿಗಳ ಗಿಡಗಳನ್ನು ಹೋಲಿಸಿ 2012ರಲ್ಲಿ ವರದಿ ಮಾಡಿದರು: ಜೀನ್‌ಗಳ ವೈವಿಧ್ಯ ತೀರಾ ಕಡಿಮೆ, ಮೀಥೈಲ್ ಗುರುತುಗಳ ವೈವಿಧ್ಯ ಬಹಳ ಹೆಚ್ಚು, ಅದು ಪರಿಸರಕ್ಕೆ ತಕ್ಕಂತೆ ಬೇರೆ ಬೇರೆ. ನಮ್ಮ ಸವುಳು ನೀರಿನ ಡೋಣಿ ನದಿಯ ದಂಡೆಯವರಿಗೆ ಆ ಉಪ್ಪು ಜೌಗಿನ ಮಾತು ಬೇಗ ಅರ್ಥವಾಗುತ್ತದೆ. ಚೀನಾದಲ್ಲಿ ಅಲಿಗೇಟರ್ ವೀಡ್ ಎಂಬ ನೀರುಕಳೆಯ ಮೇಲೂ 2010ರಲ್ಲಿ ಇಂಥ ಕೆಲಸ ನಡೆಯಿತು. ಪರಿಸರ ಬದಲಿಸಿದಾಗ ಆಕಾರದ ಜೊತೆ ಮೀಥೈಲ್ ಗುರುತುಗಳೂ ಬದಲಾದವು. ಅದೇ ವರ್ಷ ಡ್ಯಾಂಡಿಲಿಯನ್ ಗಿಡದಲ್ಲಿ, ಒತ್ತಡದಿಂದ ಮೂಡಿದ ಗುರುತುಗಳಲ್ಲಿ ಹೆಚ್ಚಿನವು ಮುಂದಿನ ಪೀಳಿಗೆಗೂ ದಾಟಿದವೆಂದು ಇನ್ನೊಂದು ತಂಡ ತೋರಿಸಿತು.

ಇಷ್ಟರಿಂದಲೇ ಎಲ್ಲವೂ ಸಿದ್ಧವಾಯಿತು ಎನ್ನುವವನಲ್ಲ ನಾನು. ರಿಚರ್ಡ್ಸ್ ಅವರು ತೋರಿಸಿದ್ದು ಪರಸ್ಪರ ಸಂಬಂಧವನ್ನು, ಕಾರಣವನ್ನಲ್ಲ. ನೀನಂತೂ ಬೀಜದಿಂದ ಹರಡುವ ಗಿಡ, ಪ್ರತಿ ಪೀಳಿಗೆಯಲ್ಲೂ ಜೀನ್‌ಗಳನ್ನು ಕಲಸಿ ಹಂಚುತ್ತೀಯ. ನಿನ್ನ ಗೇಣುದ್ದ ಮತ್ತು ಎದೆಯೆತ್ತರದ ನಡುವಿನ ಅಂತರದಲ್ಲಿ ಎಷ್ಟು ಜೀನ್, ಎಷ್ಟು ಮೀಥೈಲ್ ಗುರುತು, ಎಷ್ಟು ಬರೀ ನೀರಿನ ಪ್ರಭಾವ ಎಂದು ಬೇರೆ ಮಾಡಿ ನೋಡುವ ಕೆಲಸ ನಮ್ಮ ನೆಲದಲ್ಲೇ ಆಗಬೇಕು. ಯಾಕೆಂದರೆ ನಿನಗೆ ಹೊಸ ಪರಿಸರ ಮಾಡಿಕೊಡುತ್ತಿರುವವರು ನಾವೇ.

ಈ ಸೀಮೆ ಒಂದು ಕಾಲಕ್ಕೆ ಹಿಂಗಾರಿಯನ್ನೇ ನೆಚ್ಚಿತ್ತು. ಮಳೆಯ ಹಸಿಯನ್ನು ಎರಿ ಮಣ್ಣು ಹಿಡಿದಿಟ್ಟುಕೊಂಡರೆ ಬಿಳಿಜೋಳ, ಆಮೇಲೆ ಬೇಸಿಗೆಯಲ್ಲಿ ಹೊಲ ಖಾಲಿ. ನಿನಗೂ ಆಗ ಬಿಡುವು. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಇಲ್ಲಿಗೆ ಏರಿ ಬಂದಿದೆ. ಜನ ಕಾಲುವೆ ನೋಡಿ ಕಣ್ಣೀರು ಹಾಕಿದ್ದು ಸುಳ್ಳಲ್ಲ, ಆ ನೀರು ಬೇಕೇ ಬೇಕಿತ್ತು. ತಿಕೋಟಾದಲ್ಲಿ ಬಳ್ಳಿ ಸವರುವ ಏಪ್ರಿಲ್ ಛಾಟಣಿ, ಅಕ್ಟೋಬರ್ ಛಾಟಣಿ ಎಂದು ವರ್ಷವೆಲ್ಲ ದ್ರಾಕ್ಷಿಗೆ ನೀರು, ಗೊಬ್ಬರ. ಟ್ರಾಲಿಗಟ್ಟಲೆ ತಿಪ್ಪೆಗೊಬ್ಬರ ಬೇರೆ ಊರುಗಳಿಂದ ಬರುತ್ತದೆ, ಅದರಲ್ಲಿ ನಿನ್ನ ಬೀಜವೂ ಇರುತ್ತದೆ. ನಿನ್ನನ್ನು ತಿನ್ನಲೆಂದು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಝೈಗೋಗ್ರಾಮಾ ದುಂಬಿ ಮಳೆಗಾಲದಲ್ಲಿ ನಿನ್ನ ಎಲೆ ಬೋಳಿಸುತ್ತದೆ, ಒಣಗಾಲ ಬಂದರೆ ಮಣ್ಣಿನೊಳಗೆ ಹೋಗಿ ನಿದ್ದೆ ಮಾಡುತ್ತದೆ. ಅದು ಮಳೆಯ ಪಂಚಾಂಗ ನೋಡುತ್ತದೆ, ನೀನು ಕಾಲುವೆಯದು ನೋಡುತ್ತೀಯ. ದುಂಬಿ ಮಲಗಿದಾಗಲೂ ಹಸಿ ಸಿಕ್ಕ ಕಡೆ ನೀನು ಹೂ ಬಿಡುತ್ತೀಯ.

ದ್ರಾಕ್ಷಿ ಬೆಳೆಗಾರರು ನನ್ನ ಮಾತು ನಂಬದಿದ್ದರೆ ತಮ್ಮ ಬಳ್ಳಿಯನ್ನೇ ನೋಡಲಿ. ಥಾಮ್ಸನ್ ಸೀಡ್‌ಲೆಸ್ ಎಲ್ಲವೂ ಒಂದೇ ಬಳ್ಳಿಯ ಕಡ್ಡಿಗಳ ಸಂತಾನ. ಹಾಗೆಯೇ ಕಡ್ಡಿಯಿಂದ ಬೆಳೆಸುವ ಶಿರಾಜ್ ದ್ರಾಕ್ಷಿಯಲ್ಲಿ, ಆಸ್ಟ್ರೇಲಿಯಾದ ಬರೋಸಾದಲ್ಲಿ, ತೋಟದಿಂದ ತೋಟಕ್ಕೆ ಮೀಥೈಲ್ ಗುರುತು ಬದಲಾಗುತ್ತದೆಂದು 2017ರಲ್ಲಿ ತೋರಿಸಿದ್ದಾರೆ. ಬೆಳೆಯೂ ನೆಲವನ್ನು ಓದುತ್ತದೆ ಎಂದಾಯಿತು.

ಹಾಗಾಗಿ ನಿನ್ನ ಮುಂದೆಯೇ, ಎಲ್ಲರೂ ಕೇಳುವಂತೆ, ಹಿಟ್ಟಿನಹಳ್ಳಿಯ ಕೃಷಿ ಮಹಾವಿದ್ಯಾಲಯಕ್ಕೆ ನನ್ನ ಬೇಡಿಕೆ ಇದು. ಕೋಟೆ ಕಂದಕದ ಬೀಜ, ತಿಕೋಟಾ ತೋಟದ ಬೀಜ, ಬಬಲೇಶ್ವರ ಎರಿ ಹೊಲದ ಬೀಜ ತನ್ನಿ. ಪರದೆ ಕಟ್ಟಿದ ಮನೆಯೊಳಗೆ ಒಂದೇ ಮಣ್ಣು, ಒಂದೇ ನೀರಿನಲ್ಲಿ ಬೆಳೆಸಿ. ಅವುಗಳ ಮಕ್ಕಳನ್ನೂ ಮತ್ತೆ ಹಾಗೆಯೇ ಬೆಳೆಸಿ ಅಳೆಯಿರಿ. ಎರಡನೇ ಪೀಳಿಗೆಯಲ್ಲೂ ವ್ಯತ್ಯಾಸ ಉಳಿದರೆ ಅದು ಬರೀ ನೀರಿನ ಆಟವಲ್ಲ. ಆಗ ಎಲೆಯ ಡಿಎನ್‌ಎ ತೆಗೆದು ಜೀನ್ ಮತ್ತು ಮೀಥೈಲ್ ಎರಡನ್ನೂ ಓದಿಸಿ. ಕಾಲುವೆ ಬದಿಯ ನಿನ್ನ ಸಂತತಿ ಹೊಸ ಬಗೆಯಾಗಿ ನೆಲೆಯೂರುತ್ತಿದೆಯೇ ಎಂದು ತಿಳಿದರೆ, ಮೊದಲು ಎಲ್ಲಿ ಕೀಳಬೇಕು ಎಂಬುದೂ ತಿಳಿಯುತ್ತದೆ.

ಅಲ್ಲಿಯವರೆಗೆ ನಮ್ಮ ಕೆಲಸ ನಿಲ್ಲದು. ಕಾಲುವೆಗೆ ನೀರು ಬಿಡುವ ಮುನ್ನವೇ ಎರಡೂ ದಂಡೆಯ ಕಸ ತೆಗೆಸಬೇಕು, ಅದೂ ಹೂ ಬರುವ ಮೊದಲು, ಬೇರುಸಹಿತ. ತೆಗೆಯುವ ಹೆಂಗಸರಿಗೆ ಕೈಗವಸು, ಉದ್ದ ತೋಳಿನ ಅಂಗಿ ಕೊಟ್ಟು, ಅದರ ಖರ್ಚನ್ನು ಕಾಲುವೆ ನಿರ್ವಹಣೆಯ ಲೆಕ್ಕದಲ್ಲೇ ಬರೆಯಬೇಕು. ಹೊರಗಿನಿಂದ ಬಂದ ತಿಪ್ಪೆಗೊಬ್ಬರವನ್ನು ಚೆನ್ನಾಗಿ ಕೊಳೆಸಿ, ಬಿಸಿ ಏರಿ ಬೀಜ ಸತ್ತ ಮೇಲೆಯೇ ತೋಟಕ್ಕೆ ಹಾಕಬೇಕು.

ಇಂತಿ,
ವಿಜಯಪುರದ ಒಬ್ಬ ನಿವಾಸಿ